ಇದ್ದಿಲಿನಿಂದ ಗ್ಯಾಸ್ ಪೈಪಿನವರೆಗೆ



ವೃತ್ತಿಯಿಂದ ನಾನು ಚಾರ್ಟರ್ಡ್ ಅಕೌಂಟೆಂಟ್. ರಸಾಯನಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಇಲ್ಲಿ ಜರ್ಮನಿಯಲ್ಲಿ ಬಯೋಗ್ಯಾಸ್ ಘಟಕಗಳ ಲೆಕ್ಕಪತ್ರ ನೋಡುತ್ತಾ ನೋಡುತ್ತಾ ಒಂದು ಇತಿಹಾಸದ ಬೆನ್ನು ಹತ್ತಿದೆ.

ಊರಿನ ಗೋಬರ್ ಗ್ಯಾಸ್ ನಿಮಗೆಲ್ಲ ಗೊತ್ತು. ಅದರಲ್ಲಿ ಉರಿಯುವುದು ಮೀಥೇನ್, ಶೇ. 35–40ರಷ್ಟು ಬರೀ ಕಾರ್ಬನ್ ಡೈಆಕ್ಸೈಡ್. ಅಡುಗೆ ಒಲೆಗೆ ಇದು ನಡೆಯುತ್ತದೆ. ನಗರದ ಗ್ಯಾಸ್ ಪೈಪಿಗೆ ಸೇರಿಸಬೇಕಾದರೆ ಅದನ್ನು ತೆಗೆಯಲೇಬೇಕು.

ತೆಗೆಯುವ ಒಂದು ದಾರಿ, ಸೂಕ್ಷ್ಮ ರಂಧ್ರಗಳಿರುವ ವಸ್ತು. ಕಾಯಿಸಿದರೆ ಕುದಿಯುವಂತೆ ಕಾಣುವ ಒಂದು ಕಲ್ಲಿಗೆ ಸ್ವೀಡನ್ನಿನ ಕ್ರೋನ್‌ಸ್ಟೆಟ್ 1756ರಲ್ಲಿ ಜಿಯೋಲೈಟ್ ಎಂದು ಹೆಸರಿಟ್ಟರು. ಇದ್ದಿಲು ಅನಿಲಗಳನ್ನು ಹಿಡಿದಿಡುವುದನ್ನು ಶೀಲೆ 1773ರಲ್ಲಿ ಗಮನಿಸಿದರು. ಅಮೆರಿಕದ ಯೂನಿಯನ್ ಕಾರ್ಬೈಡ್‌ನಲ್ಲಿ (ಹೌದು, ಮುಂದೆ ಭೋಪಾಲದಿಂದ ಕುಖ್ಯಾತವಾದ ಕಂಪನಿಯೇ) ರಾಬರ್ಟ್ ಮಿಲ್ಟನ್ ಕೃತಕ ಜಿಯೋಲೈಟ್ ತಯಾರಿಸಿದರು. 1954ರಲ್ಲಿ ಅದು ಮಾರಾಟಕ್ಕೆ ಬಂತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ವಸ್ತುವನ್ನೇ ಹೊಗಳುತ್ತಾರೆ. ನನ್ನ ಲೆಕ್ಕದಲ್ಲಿ ದೊಡ್ಡ ತಿರುವು ಬೇರೆ. ರಂಧ್ರಗಳು ತುಂಬಿದ ಮೇಲೆ ಆ ವಸ್ತುವಿನಿಂದ ಏನು ಪ್ರಯೋಜನ? ಕಾಯಿಸಿ ಖಾಲಿ ಮಾಡಬಹುದು, ಆದರೆ ಗಂಟೆಗಟ್ಟಲೆ ಸಮಯ, ಮೇಲೆ ಇಂಧನದ ಬಿಲ್ಲು. 1950ರ ದಶಕದ ಕೊನೆಯಲ್ಲಿ ಎಸ್ಸೊ ಕಂಪನಿಯ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ ಗಾಳಿಗಾಗಿ ಬೇರೆ ಉಪಾಯ ಹೂಡಿದರು. ಎರಡು ತೊಟ್ಟಿಗಳು. ಒಂದರಲ್ಲಿ ಒತ್ತಡ ಏರಿಸಿದಾಗ ಬೇಡದ್ದು ರಂಧ್ರಗಳಿಗೆ ಅಂಟುತ್ತದೆ. ಅದೇ ಹೊತ್ತಿಗೆ ಇನ್ನೊಂದರಲ್ಲಿ ಒತ್ತಡ ಇಳಿಸಿದರೆ ಅಂಟಿದ್ದೆಲ್ಲ ಹೊರಬೀಳುತ್ತದೆ. ಶುದ್ಧವಾದ ಅನಿಲದಲ್ಲೇ ಒಂದಿಷ್ಟನ್ನು ಹಾಯಿಸಿ ತೊಳೆಯುವುದು. ಕೆಲವೇ ನಿಮಿಷಗಳಲ್ಲಿ ಪಾಳಿ ಬದಲು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಫ್ರಾನ್ಸಿನ ಏರ್ ಲಿಕ್ವಿಡ್‌ನಲ್ಲೂ ಇದೇ ಬಗೆಯ ಪೇಟೆಂಟು ಸಿದ್ಧವಾಯಿತು.

ನಂತರದ ಅಧ್ಯಾಯ ನಾವಿರುವ ದೇಶದ್ದು. ಎಸ್ಸೆನ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಕಲ್ಲಿದ್ದಲಿನಿಂದಲೇ ಅಣುಗಳ ಜರಡಿ ಮಾಡಿತು. ಕಾರ್ಬನ್ ಡೈಆಕ್ಸೈಡ್ ಅಣುವಿನ ಅಳತೆ ಸುಮಾರು 3.3 ಆಂಗ್‌ಸ್ಟ್ರಾಮ್, ಮೀಥೇನಿನದು 3.8. ಅಷ್ಟು ಸಣ್ಣ ವ್ಯತ್ಯಾಸ ಸಾಕು: ಮೊದಲನೆಯದು ಸರಕ್ಕನೆ ಒಳಹೊಗುತ್ತದೆ, ಎರಡನೆಯದು ಬಹುಪಾಲು ಹೊರಗೇ ಉಳಿದು ಮುಂದೆ ಸಾಗುತ್ತದೆ. 2006ರಲ್ಲಿ ಮ್ಯೂನಿಕ್ ಬಳಿಯ ಪ್ಲೀನಿಂಗ್‌ನಲ್ಲಿ, ಒತ್ತಡ ಏರಿಸಿ ಇಳಿಸುವ ಈ ವಿಧಾನದಲ್ಲೇ ಶುದ್ಧಗೊಂಡ ಬಯೋಗ್ಯಾಸ್ ಸಾರ್ವಜನಿಕ ಪೈಪನ್ನು ಸೇರಿತು.

ಲೆಕ್ಕಿಗನ ಕಣ್ಣು ಬೀಳುವುದು ಇಲ್ಲಿಯೇ. ತೊಟ್ಟಿ ಖಾಲಿಯಾಗುವಾಗ ಕಾರ್ಬನ್ ಡೈಆಕ್ಸೈಡ್ ಜೊತೆಗೆ ಸ್ವಲ್ಪ ಮೀಥೇನೂ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ಒಂದು ಕಿಲೋ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು. ವಾತಾವರಣಕ್ಕೆ ಸೋರುವುದು ಶೇ. 0.2 ಮೀರಬಾರದೆಂದು ಜರ್ಮನಿ 2012ರಿಂದ ಕಟ್ಟಳೆ ಹಾಕಿತು. ಹಾಗಾಗಿ ಹೊರಬೀಳುವ ಗಾಳಿಯನ್ನು ಸುಡುವ ಯಂತ್ರವೂ ಬೇಕಾಯಿತು. ಘಟಕದ ಮಾಲೀಕರು ಈ ಖರ್ಚನ್ನು ದಂಡ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

2025ರ ರಸಾಯನಶಾಸ್ತ್ರ ನೊಬೆಲ್ ಲೋಹ ಮತ್ತು ಇಂಗಾಲದ ಅಣುಗಳಿಂದ ಹೆಣೆದ ಹೊಸ ರಂಧ್ರ ವಸ್ತುಗಳಿಗಾಗಿ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ ಸಂದಿತು. ಸಂತೋಷ. ಅವು ಖಾಲಿಯಾಗಲು ಎಷ್ಟು ಖರ್ಚು ಎಂಬ ನನ್ನ ಪ್ರಶ್ನೆ ಮಾತ್ರ ಹಳೆಯದೇ.

ಊರಿನಲ್ಲಿ ಇಂಥ ಘಟಕಕ್ಕೆ ಹಣ ಹೂಡಲು ಹೊರಟವರು ನಮ್ಮಲ್ಲೂ ಇದ್ದಾರೆ. ಭಾರತದ ಮಾನಕ ಕೇಳುವ ಶೇ. 90 ಮೀಥೇನ್ ತೋರಿಸುವ ಕಾಗದ ನಿಮ್ಮ ಕೈಗೆ ಬರುತ್ತದೆ. ಅದರ ಜೊತೆ ಹೊರಬೀಳುವ ಗಾಳಿಯಲ್ಲಿ ಮೀಥೇನ್ ಎಷ್ಟು, ಅಳೆದವರು ಯಾರು ಎಂಬ ಕಾಗದವನ್ನೂ ಕೇಳಿ. ಅದು ಬಂದ ಮೇಲೆ ಚೆಕ್ಕಿಗೆ ಸಹಿ ಹಾಕಿ.