ದಂಡದ ಬಾಕಿಯೂ ಮತದ ಹಕ್ಕೂ

ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದಲ್ಲಿ ಸೆರೆವಾಸ ಮುಗಿಸಿ ಬಂದವನಿಗೂ ಮತಾಧಿಕಾರವಿಲ್ಲವೆಂಬ ನಿಯಮ ಬಹುಕಾಲ ನಡೆಯಿತು. ಅಂತರ್ಯುದ್ಧದ ತರುವಾಯ, ಬಿಡುಗಡೆ ಹೊಂದಿದ ಗುಲಾಮರು ಮತದಾರರಾಗತೊಡಗಿದ ಕಾಲದಲ್ಲಿಯೇ, 1868ರ ರಾಜ್ಯ ಸಂವಿಧಾನವು ಗುರುತರ ಅಪರಾಧಿಗಳನ್ನು ಮತದಾರರ ಪಟ್ಟಿಯಿಂದ ಹೊರಗಿರಿಸಿತು. ಇದರ ಭಾರ ಯಾರ ಮೇಲೆ ಬಿದ್ದಿತೆಂಬುದು ಸ್ಪಷ್ಟ. 2016ರ ವೇಳೆಗೆ ಅಲ್ಲಿನ ಕಪ್ಪು ಜನಾಂಗದ ವಯಸ್ಕರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಈ ಹಕ್ಕನ್ನು ಕಳೆದುಕೊಂಡಿದ್ದರೆಂದು ಅಂದಾಜು. ಅದನ್ನು ಮರಳಿ ಪಡೆಯಲು ಗವರ್ನರರೂ ಅವರ ಸಂಪುಟದವರೂ ಕೂಡಿದ ಕ್ಷಮಾದಾನ ಮಂಡಳಿಯ ದಯೆಯೇ ದಾರಿ.

ಈ ನಿಯಮವನ್ನು ಎದುರಿಸಿದವರಲ್ಲಿ ಡೆಸ್ಮಂಡ್ ಮೀಡ್ ಪ್ರಮುಖರು. ಸೆರೆಮನೆ ಕಂಡು, ಮಾದಕ ವ್ಯಸನಕ್ಕೆ ಸಿಕ್ಕಿ, ಮನೆಯಿಲ್ಲದೆ ಅಲೆದ ಅವರು 2005ರಲ್ಲಿ ಮಯಾಮಿಯ ರೈಲುಹಳಿಯ ಬಳಿ ಸಾವಿಗಾಗಿ ಕಾದು ನಿಂತರು, ರೈಲು ಬರಲಿಲ್ಲ. ಅಲ್ಲಿಂದ ಮರಳಿದವರು ಓದನ್ನು ಕೈಗೊಂಡು 2014ರಲ್ಲಿ ಕಾನೂನಿನ ಪದವಿ ಪಡೆದರು. ಆದರೆ ನಾಗರಿಕ ಹಕ್ಕುಗಳು ಮರಳದ ಹೊರತು ವಕೀಲಿಯ ಸನ್ನದು ಸಿಗುವಂತಿರಲಿಲ್ಲ. 2016ರಲ್ಲಿ ಅವರ ಪತ್ನಿ ರಾಜ್ಯದ ಪ್ರತಿನಿಧಿ ಸಭೆಗೆ ಸ್ಪರ್ಧಿಸಿದಾಗ, ಕಾನೂನು ಬಲ್ಲ ಪತಿ ಆಕೆಗೆ ಮತ ಕೊಡಲಾರದೆ ಹೋದರು.

ನ್ಯಾಯಾಲಯದಲ್ಲಿ ವಾದಿಸಲಾಗದ ಮೀಡ್ ಜನರ ಮುಂದೆ ವಾದಿಸಿದರು. ಸಂವಿಧಾನದ ತಿದ್ದುಪಡಿಯನ್ನು ಮತಕ್ಕಿಡಲು 7,66,200 ಸಹಿಗಳು ಬೇಕಾಗಿದ್ದವು. ಅವು ಕೂಡಿಬಂದು, 2018ರ ನವೆಂಬರಿನಲ್ಲಿ ಶೇಕಡಾ 60ರ ಮಿತಿಯನ್ನು ದಾಟಿ ಶೇಕಡಾ 64ಕ್ಕೂ ಹೆಚ್ಚು ಮತಗಳಿಂದ ತಿದ್ದುಪಡಿ ಅಂಗೀಕೃತವಾಯಿತು. ಕೊಲೆ ಮತ್ತು ಲೈಂಗಿಕ ಅಪರಾಧಗಳ ಹೊರತು, ಶಿಕ್ಷೆ ಪೂರೈಸಿದವರೆಲ್ಲರಿಗೂ ಅದು ಮತಾಧಿಕಾರ ನೀಡಿತು. ಸುಮಾರು 14 ಲಕ್ಷ ಜನರಿಗೆ ಇದರಿಂದ ಬಾಗಿಲು ತೆರೆಯಿತೆಂದು ಎಣಿಸಲಾಯಿತು.

ಆದರೆ ‘ಶಿಕ್ಷೆ ಪೂರೈಸಿದ’ ಎಂಬ ಮಾತಿಗೆ 2019ರಲ್ಲಿ ಶಾಸನಸಭೆ ಬೇರೆ ಅರ್ಥ ಕಟ್ಟಿತು: ದಂಡ, ನ್ಯಾಯಾಲಯದ ಶುಲ್ಕ, ಪರಿಹಾರಧನ ಎಲ್ಲವೂ ಸಂದಾಯವಾಗಿರಬೇಕು. ಯಾರ ಬಾಕಿ ಎಷ್ಟೆಂಬುದನ್ನು ರಾಜ್ಯವೇ ಹೇಳಲಾರದೆಂದು 2020ರಲ್ಲಿ ಕೆಳಗಿನ ನ್ಯಾಯಾಲಯ ಕಂಡುಕೊಂಡಿತು. ಆದರೂ ಅದೇ ವರ್ಷ ಮೇಲಿನ ನ್ಯಾಯಾಲಯವು 6–4ರ ಬಹುಮತದಿಂದ ಆ ಶಾಸನವನ್ನು ಎತ್ತಿಹಿಡಿಯಿತು. ಮೀಡ್ ಅವರ ಸಂಘ ಬಡವರ ಬಾಕಿ ತೀರಿಸಲು ನಿಧಿ ಕೂಡಿಸಿತು. ಅವರ ಸ್ವಂತ ನಾಗರಿಕ ಹಕ್ಕುಗಳು ಮರಳಿದ್ದು 2021ರಲ್ಲಿ, ಅದೇ ಕ್ಷಮಾದಾನ ಮಂಡಳಿಯಿಂದ.

ಭಾರತದ ನಿಯಮ ಬೇರೆ. 1951ರ ಜನಪ್ರಾತಿನಿಧ್ಯ ಕಾಯಿದೆಯ 62(5)ನೆಯ ವಿಧಿ ಸೆರೆಯಲ್ಲಿರುವವನ ಮತವನ್ನು ಮಾತ್ರ ತಡೆಯುತ್ತದೆ. ಹೊರಬಂದವನಿಗೆ ಸಾಮಾನ್ಯವಾಗಿ ಆ ತಡೆಯಿಲ್ಲ. 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಆದರೆ ಜಾಮೀನು ಪಡೆದ ಆಪಾದಿತ ಮತ ನೀಡಬಲ್ಲ; ಜಾಮೀನಿಗೆ ಹಣ ಹೊಂದಿಸಲಾರದೆ ಒಳಗುಳಿದವನು, ಅಪರಾಧ ಇನ್ನೂ ರುಜುವಾಗದಿದ್ದರೂ, ನೀಡಲಾರ. ದಾರಿಗಳು ಬೇರೆಯಾದರೂ ಎರಡು ದೇಶಗಳಲ್ಲಿಯೂ ಬಡವನ ಮತ ಕೊನೆಗೆ ನಿಲ್ಲುವುದು ಹಣದ ಬಾಗಿಲಲ್ಲಿಯೇ.