ಟ್ಯಾಂಕರೆ ನಂಬರ್ ಟೆನ್

ನಿಂಬೆ ಜಾತಿಯ ಹಣ್ಣುಗಳ ಪರಿಮಳವನ್ನೇ ಮುಂದಿಟ್ಟುಕೊಂಡ ದುಬಾರಿ ಜಿನ್. ಡಿಯಾಜಿಯೊ ಕಂಪನಿಯದು, ತಯಾರಾಗುವುದು ಸ್ಕಾಟ್ಲೆಂಡಿನಲ್ಲಿ, ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಹೆಸರಿನಲ್ಲಿರುವ ಹತ್ತು, ‘ಟೈನಿ ಟೆನ್’ ಎಂಬ ಪುಟ್ಟ ಬಟ್ಟಿಪಾತ್ರೆಯ ಸಂಖ್ಯೆ.

ಅನೇಕ ಜಿನ್‌ಗಳು ಒಣಸಿಪ್ಪೆಯಲ್ಲೇ ತೃಪ್ತಿಪಡುತ್ತವೆ. ಇಲ್ಲಿ ತಾಜಾ ಕಿತ್ತಳೆ, ಲೈಮ್, ಗ್ರೇಪ್‌ಫ್ರೂಟ್‌ಗಳನ್ನೇ ಆ ಪಾತ್ರೆಯಲ್ಲಿ ಬಟ್ಟಿ ಇಳಿಸಿ, ಬಂದ ಸಾರವನ್ನು ಜುನಿಪರ್, ಕೊತ್ತಂಬರಿ ಬೀಜ, ಆಂಜೆಲಿಕಾ ಬೇರು, ಅತಿಮಧುರ, ಕ್ಯಾಮೊಮೈಲ್ ಹೂವಿನೊಡನೆ ಮತ್ತೊಮ್ಮೆ ಬಟ್ಟಿ ಇಳಿಸುತ್ತಾರೆ. ಹುಳಿ ಮಾತ್ರ ಇರದು: ಸಿಟ್ರಿಕ್ ಆಮ್ಲ ಆವಿಯಾಗಿ ಮೇಲೇರುವುದಿಲ್ಲ, ಏರುವುದು ಸಿಪ್ಪೆಯ ಲಿಮೊನೀನ್‌ನಂಥ ಸುಗಂಧ ತೈಲಗಳು. ಕೊತ್ತಂಬರಿ ಬೀಜದ ಲಿನಲೂಲ್ ಕೂಡ ಈ ಪರಿಮಳಕ್ಕೆ ಕೈಜೋಡಿಸುತ್ತದೆ. ನಮ್ಮ ಸಾರಿನಪುಡಿಯ ಘಮದಲ್ಲಿರುವುದೂ ಅದೇ.

ಮದ್ಯಸಾರ ಶೇ 47.3. ಗ್ಲಾಸಿನೊಳಕ್ಕೆ ಮೂಗು ತೂರಿಸಿದರೆ ಸಿಗುವುದು ಬರೀ ಘಾಟು. ತುಸು ದೂರದಲ್ಲೇ ಹಿಡಿದು ಮೂಸಬೇಕು, ಮೊದಲ ಗುಟುಕಿಗೆ ಮುನ್ನ ಸ್ವಲ್ಪ ನೀರು ಬೆರೆಸಬೇಕು. ಮೊದಲು ಗ್ರೇಪ್‌ಫ್ರೂಟ್, ಆಮೇಲೆ ಜುನಿಪರಿನ ಪೈನ್ ವಾಸನೆ, ಕೊನೆಗೆ ಮೆಣಸಿನಂಥ ಬಿಸಿ.

ಹೆಪ್ಪುಗಟ್ಟುವಷ್ಟು ತಣಿಸಿದರೆ ಪರಿಮಳ ಮುದುಡುತ್ತದೆ. ಸಿಹಿ ಟಾನಿಕ್ ಸುರಿದರೆ ಕೊಟ್ಟ ದುಡ್ಡು ದಂಡ. ಇದಕ್ಕೆ ತಕ್ಕ ಜಾಗ ಮಾರ್ಟಿನಿ.