ಹೆಸರಿಗೊಬ್ಬ ಮೂಲಪುರುಷ

ಒಮಾನಿನ ಅಲ್ ವುಸ್ತಾ ಸೀಮೆಯಲ್ಲಿ, ಅರಬ್ಬೀ ಸಮುದ್ರಕ್ಕೆ ಮುಖಮಾಡಿದೆ ದುಕ್ಮ್. ಈ ತೀರದ ಪ್ರಾಚೀನರಿಗೆ ಗ್ರಂಥಗಳಲ್ಲಿ ಹೆಸರಿಟ್ಟವರಲ್ಲಿ ಹೆಚ್ಚಿನವರು ದೂರದವರು. ಕ್ರಿ.ಶ. 1ನೇ ಶತಮಾನದಲ್ಲಿ 'ಪೆರಿಪ್ಲಸ್' ಬರೆದ ಗ್ರೀಕ್ ವರ್ತಕ, ದುಕ್ಮಿನ ಈಶಾನ್ಯಕ್ಕಿರುವ ಸರಾಪಿಸ್ ದ್ವೀಪದವರನ್ನು 'ಮೀನುಂಬವರು' ಎಂದು ಕರೆದ. ಆ ದ್ವೀಪವೇ ಇಂದಿನ ಮಸೀರಾ. ಅವರು ಅರಬ್ಬೀ ನುಡಿಯವರು, ತಾಳೆಗರಿಯ ಸೊಂಟಪಟ್ಟಿ ಉಟ್ಟವರು, ಅಲ್ಲಿ ಆಮೆಚಿಪ್ಪು ಹೇರಳ ಎಂದೂ ಬರೆದಿಟ್ಟ. ಉಂಡ ಅನ್ನವೇ ಆ ಜನಕ್ಕೆ ಹೆಸರಾಯಿತು.

ಅರಬ್ಬೀ ವಿದ್ವಾಂಸರಿಗೆ ಇಷ್ಟು ಸಾಲದು. ಜನಾಂಗವೊಂದಕ್ಕೆ ಹೆಸರಿದೆಯೆಂದರೆ ಆ ಹೆಸರಿನ ತಂದೆಯೊಬ್ಬ ಇರಲೇಬೇಕು. ಒಮಾನ್ ಮತ್ತು ಹದ್ರಮೌತ್ ನಡುವಿನ ಮರಳುನಾಡಿನಲ್ಲಿ ಬಾಳಿ, ಪ್ರವಾದಿ ಹೂದರ ಮಾತು ಮೀರಿ ಅಳಿದುಹೋದ ಆದ್ ಜನರಿಗೆ ತಬರಿ (839–923) ವಂಶಾವಳಿ ಕೊಟ್ಟ: ಆದ್, ಅವನ ತಂದೆ ಊಸ್, ಅವನ ತಂದೆ ಇರಮ್, ಅವನ ತಂದೆ ಸಾಮ್, ಅವನ ತಂದೆ ನೂಹ್. ಅಳಿದ ಕುಲವೊಂದು ಹೀಗೆ ಮಹಾಪ್ರಳಯದ ನಾವೆಯವರೆಗೂ ನೆಂಟಸ್ತನ ಪಡೆಯಿತು.

ನಾಡಿನ ಹೆಸರಿಗೂ ಇದೇ ದಾರಿ. ಒಮಾನ್ ಎಂಬವನು ಪ್ರವಾದಿ ಇಬ್ರಾಹೀಮರ ಮಗನೆಂದು ಒಂದು ಮತ. ಅವರ ಮರಿಮಗನೆಂದು, ಸಬಾನ ಮಗನೆಂದು, ವಂಶಾವಳಿಕಾರ ಇಬ್ನ್ ಅಲ್ ಕಲ್ಬಿಯ ಮತ. 13ನೇ ಶತಮಾನದ ಯಾಕೂತ್ ತನ್ನ ದೇಶಕೋಶದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟ. ಒಂದನ್ನು ಗೆಲ್ಲಿಸುವ ಅವಸರ ಅವನಿಗಿರಲಿಲ್ಲ. ಆ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ. ಒಮಾನಿನವನೇ ಆದ ಔತಬಿಯ ಕಥನ ಬೇರೆ: ಯೆಮನಿನ ಮಾರಿಬ್‌ನಿಂದ ವಲಸೆ ಬಂದ ಅಜ್ದ್ ಕುಲದವರು ತಮ್ಮ ಹಳೆಯ ಕಣಿವೆಯ ಹೆಸರನ್ನೇ ಹೊಸ ನಾಡಿಗಿಟ್ಟರು. ಮನೆ ಬಿಟ್ಟು ಬಂದವರ ನೋವು ಬಲ್ಲವನ ಮಾತಿದು.

ಇದೇ ಕುತೂಹಲ ನಮ್ಮ ನಾಡನ್ನೂ ಮುಟ್ಟಿತು. 10ನೇ ಶತಮಾನದಲ್ಲಿ ಪೂರ್ವ ಆಫ್ರಿಕಾ ಕಡೆಯ ಕಂಬಲು ದ್ವೀಪದಿಂದ ಒಮಾನಿಗೆ ಕಡಲ ಹಾದಿಯಲ್ಲಿ ಬಂದ ಇತಿಹಾಸಕಾರ ಮಸೂದಿ, ಪಶ್ಚಿಮ ಭಾರತವನ್ನೂ ಕಂಡಿದ್ದ. ಮಾನ್ಯಖೇಟವನ್ನು ಮಂಕೀರ್ ಎಂದ, ರಾಷ್ಟ್ರಕೂಟ ವಲ್ಲಭರಾಜನನ್ನು ಬಲ್ಹರಾ ಎಂದ. ಅಲ್ಲಿನ ನುಡಿ ಕೀರಿಯಾ, ಕೀರಾ ಎಂಬ ಸ್ಥಳದಿಂದ ಬಂದ ಹೆಸರದು ಎಂದು ವಿವರಿಸಿದ. ಅದು ಕನ್ನಡವೇ ಎಂಬುದು ಹಲವು ವಿದ್ವಾಂಸರ ಮತ. ಬಲ್ಹರಾ ಎಂಬುದು ಒಬ್ಬನ ಹೆಸರಾಗಿ ಉಳಿಯದೆ ಆ ಪೀಠದ ಅರಸರೆಲ್ಲರ ಬಿರುದಾಗಿದೆಯೆಂದೂ ಅವನು ಅರಿತಿದ್ದ.

ಮತ್ತೆ ದುಕ್ಮಿಗೆ ಬಂದರೆ, ಅದರ ಒಳನಾಡಿನ ಬಯಲಲ್ಲಿ ಹರಾಸೀಸ್ ಪಶುಪಾಲಕರಿದ್ದಾರೆ. ಅವರ ಹರ್ಸೂಸಿ ನುಡಿ ಅರಬ್ಬಿಯಲ್ಲ. ದಕ್ಷಿಣದ ಮಹ್ರಾ ಜನರ ನುಡಿಗೆ ಒಡಹುಟ್ಟು. ವಂಶಾವಳಿಕಾರರು ಮಹ್ರಾ ಎಂಬ ಹೆಸರಿಗೂ ಹೈದಾನ್ ಎಂಬವನ ಮಗನೊಬ್ಬನನ್ನು ಹುಡುಕಿ ಕೊಟ್ಟಿದ್ದರು. ಹರ್ಸೂಸಿಯ ಶಬ್ದಗಳಿಗೆ ಮಾತ್ರ ಒಂದು ಕೋಶ ಅಚ್ಚಾದದ್ದು 1977ರಲ್ಲಿ, ಜಾನ್‌ಸ್ಟನ್ ಎಂಬ ಭಾಷಾಶಾಸ್ತ್ರಜ್ಞನ ದುಡಿಮೆಯಿಂದ.